ಅರ್ಜಿ ಹಾಕಿದವರ ವಿಳಾಸ

ಓದುಗರ ಪತ್ರ (ಸಂಗ್ರಹಿಸಿ): ಮನೆಗಳ ದುರಸ್ತಿ ಕೆಲಸದ ಗುತ್ತಿಗೆ ಪರವಾನಗಿಗಾಗಿ ನಾನು 14 ತಿಂಗಳು ಅಲೆದೆ, ಶುಲ್ಕ ಕಟ್ಟಿದೆ. ಈಗ ಪರವಾನಗಿಯೇ ಇಲ್ಲದವರು ಅರ್ಧ ದರಕ್ಕೆ ಕೆಲಸ ಹಿಡಿಯುತ್ತಿದ್ದಾರೆ. ಇಂಥವರಿಗೆ ದಂಡ ಸಾಲದು, ಜೈಲೇ ಆಗಬೇಕು. ತಮ್ಮ ಪತ್ರಿಕೆ ಏಕೆ ಸುಮ್ಮನಿದೆ?

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಯಮ ಪಾಲಿಸಿದವರು ಸೋತು ಪಾಲಿಸದವರು ಗೆಲ್ಲುವುದು ನ್ಯಾಯವಲ್ಲ, ಅದನ್ನು ಒಪ್ಪುತ್ತೇನೆ. ಪರವಾನಗಿ ಕಡ್ಡಾಯವಾಗಿ ಬೇಕಾದ ವೃತ್ತಿಗಳೂ ಇವೆ. ಪರವಾನಗಿಯಿಲ್ಲದೆ ವೈದ್ಯ ವೃತ್ತಿ ನಡೆಸಿದ ಡೆಂಟ್ ಎಂಬವರ ಮೇಲಿನ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1889ರಲ್ಲಿ ಎತ್ತಿಹಿಡಿಯಿತು. ವೈದ್ಯರ ಅರ್ಹತೆಯನ್ನು ಅಳೆಯುವ ಶಕ್ತಿ ರೋಗಿಗಳಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ದರದ ಮಾತಿದೆ, ಕೆಟ್ಟ ಕೆಲಸದ ಮಾತು ಎಲ್ಲಿಯೂ ಇಲ್ಲ. ಯಾರ ಮನೆಯ ಗೋಡೆ ಬಿರುಕುಬಿಟ್ಟಿತು, ಯಾರು ಮೋಸಹೋದರು ಎಂಬ ಒಂದು ಸಾಲೂ ಇಲ್ಲ. ಬೇಸರಿಸಬೇಡಿ, ಈ ಮರೆವು ನಿಮ್ಮೊಬ್ಬರದಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಹಲ್ಲು ಬಿಳುಪು ಮಾಡುವ ಕೆಲಸವನ್ನು ದಂತವೈದ್ಯರಲ್ಲದವರೂ ಕಡಿಮೆ ದರಕ್ಕೆ ಮಾಡತೊಡಗಿದಾಗ, ಅಲ್ಲಿನ ದಂತವೈದ್ಯ ಮಂಡಳಿ 2006ರಿಂದ ಕನಿಷ್ಠ 47 ನೋಟಿಸು ಕಳಿಸಿ, ಪರವಾನಗಿಯಿಲ್ಲದೆ ದಂತವೈದ್ಯ ವೃತ್ತಿ ನಡೆಸುವುದು ಅಪರಾಧವೆಂದು ಹೆದರಿಸಿ, ಅವರನ್ನೆಲ್ಲ ಮಾರುಕಟ್ಟೆಯಿಂದ ಹೊರಗೆ ಹಾಕಿತು. ಮಂಡಳಿಯ 8 ಸದಸ್ಯರಲ್ಲಿ 6 ಮಂದಿ ವೃತ್ತಿನಿರತ ದಂತವೈದ್ಯರು, ಅವರನ್ನು ಆರಿಸುವವರೂ ದಂತವೈದ್ಯರೇ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2015ರಲ್ಲಿ ಮಂಡಳಿ ಸೋತಿತು. ಮಂಡಳಿಗೆ ಬಂದ ದೂರುಗಳಲ್ಲಿ ಗ್ರಾಹಕರಿಗೆ ಆಗಬಹುದಾದ ಹಾನಿಯ ಮಾತು ತೀರ ಕಡಿಮೆ, ಹೆಚ್ಚಿನವು ಇತರರು ಕಡಿಮೆ ದರ ಪಡೆಯುತ್ತಿದ್ದಾರೆ ಎಂಬ ಕೊರಗಿನವು ಎಂದು ತೀರ್ಪಿನಲ್ಲೇ ದಾಖಲಾಗಿದೆ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಆ ದೂರುಗಳ ಕಡತ.

ಈ ಕಥೆ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ 1563ರ ಕಾಯಿದೆ 7 ವರ್ಷ ಶಿಷ್ಯವೃತ್ತಿ ಮಾಡದವರು ಕಸುಬು ನಡೆಸಿದರೆ ತಿಂಗಳಿಗೆ 40 ಷಿಲ್ಲಿಂಗ್ ದಂಡ ವಿಧಿಸಿತ್ತು. ಆ ದಂಡದಲ್ಲಿ ಅರ್ಧ ಪಾಲು ಮೊಕದ್ದಮೆ ಹೂಡಿದವರಿಗೆ ಸಲ್ಲುತ್ತಿದ್ದುದರಿಂದ, ನೆರೆಯವರ ಕಸುಬಿನ ಮೇಲೆ ಕಣ್ಣಿಟ್ಟು ಬದುಕುವ ಒಂದು ವರ್ಗವೇ ಹುಟ್ಟಿಕೊಂಡಿತು. ಆ ಕಾನೂನಿನಡಿ ಸಾರೋಟು ಮಾಡುವವನು ತನ್ನ ಸಾರೋಟಿಗೆ ಬೇಕಾದ ಚಕ್ರವನ್ನು ತಾನೇ ಮಾಡುವಂತಿಲ್ಲ, ಆದರೆ ಚಕ್ರ ಮಾಡುವವನು ಸಾರೋಟನ್ನೂ ಮಾಡಬಹುದು ಎಂಬ ವಿಚಿತ್ರವನ್ನು 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಎತ್ತಿ ತೋರಿಸಿದರು. ಕಾಯಿದೆ ಬಂದಾಗ ಸಾರೋಟಿನ ಕಸುಬು ಆ ದೇಶದಲ್ಲಿ ಇನ್ನೂ ಇರಲಿಲ್ಲ, ಹಾಗಾಗಿ ಅದು ಕಾಯಿದೆಯ ವ್ಯಾಪ್ತಿಗೆ ಬರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಶಿಷ್ಯವೃತ್ತಿಯ ಆ ನಿಬಂಧನೆ ರದ್ದಾದದ್ದು 1814ರಲ್ಲಿ.

ಜೈಲು ಎನ್ನುತ್ತೀರಿ. ನಾನು ವರದಿಗಾರನಾಗಿದ್ದ ಕಾಲದಲ್ಲಿ, ತೂಕದ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ವಯಸ್ಸಾದ ಒಬ್ಬರ ಮೇಲೆ ನಡೆದ ದಾಳಿಯನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಧಿಕಾರಿಗಳು ಅವರ ಸಾಮಾನುಗಳನ್ನು ಒಂದು ಗೋಣಿಯ ಮೇಲೆ ಸಾಲಾಗಿ ಇಡಿಸಿ ಪಟ್ಟಿ ಬರೆದರು: ಸ್ಕ್ರೂಡ್ರೈವರ್ ನಾಲ್ಕು, ಇಕ್ಕಳ ಎರಡು, ಅರ ಮೂರು, ತೂಕದ ಬಟ್ಟುಗಳ ಮರದ ಪೆಟ್ಟಿಗೆ ಒಂದು. ಪೆಟ್ಟಿಗೆಯ ಒಂದು ಗೂಡು ಖಾಲಿಯಿತ್ತು. ಆ ಬಟ್ಟು ಸವೆದು ತೂಕ ಕಡಿಮೆಯಾಗಿದ್ದರಿಂದ ತಾನೇ ತೆಗೆದಿಟ್ಟೆನೆಂದು ಆ ಹಿರಿಯರು ಹೇಳುತ್ತಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಇವರ ವಿಳಾಸ ನಿಮಗೆ ಹೇಗೆ ಸಿಕ್ಕಿತೆಂದು ನಾನು ಅಧಿಕಾರಿಯನ್ನು ಕೇಳಿದೆ. ಅವರೇ ಕೊಟ್ಟಿದ್ದಾರಲ್ಲ, ಅರ್ಜಿಯಲ್ಲಿದೆ ಎಂದರು. ಆ ಹಿರಿಯರು ಪರವಾನಗಿಗೆ ಮೂರು ಸಲ ಅರ್ಜಿ ಹಾಕಿದ್ದರು. ಮೂರು ಸಲವೂ ಮತ್ತೊಂದು ದಾಖಲೆ ಬೇಕೆಂಬ ಷರಾದೊಡನೆ ಅರ್ಜಿ ಹಿಂದಕ್ಕೆ ಬಂದಿತ್ತು. ಅರ್ಜಿಯನ್ನೇ ಹಾಕದೆ ಅದೇ ಕೆಲಸ ಮಾಡುತ್ತಿದ್ದವರ ಬಾಗಿಲಿಗೆ ಅಂದು ಯಾರೂ ಹೋಗಲಿಲ್ಲ, ಏಕೆಂದರೆ ಕಡತದಲ್ಲಿ ಅವರ ಹೆಸರೇ ಇರಲಿಲ್ಲ.

ಅಂದಿನಿಂದ ಇಂಥ ಕಾರ್ಯಾಚರಣೆಯ ಸುದ್ದಿ ಬಂದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಆ ಕಚೇರಿಯಲ್ಲಿ ಎಷ್ಟು ಅರ್ಜಿಗಳು ಬಾಕಿ ಉಳಿದಿವೆ? ಅರ್ಜಿ ಪರಿಶೀಲಿಸಲು ಸಿಬ್ಬಂದಿ ಇಲ್ಲವೆನ್ನುವ ಕಚೇರಿಗೆ ದಾಳಿಗೆ ಹೊರಡಲು ಸಿಬ್ಬಂದಿಯೂ ವಾಹನವೂ ಹೇಗೆ ಒದಗುತ್ತವೆ? ನಮ್ಮ ಪತ್ರಿಕೆಗಳೂ ಬೀಗಮುದ್ರೆ ಹಾಕಿದ ಬಾಗಿಲಿನ ಚಿತ್ರವನ್ನು ಅಚ್ಚು ಹಾಕುತ್ತವೆಯೇ ಹೊರತು ಆ ಬಾಗಿಲಿನ ಒಳಗಿದ್ದವರ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೆಂದು ವಿಚಾರಿಸುವುದಿಲ್ಲ.

ನಿಮ್ಮದೇ ವೃತ್ತಿಯ ಒಂದು ಕಾನೂನು ನೋಡಿ. ಕ್ಯಾಲಿಫೋರ್ನಿಯದಲ್ಲಿ ಪರವಾನಗಿ ಬೇಕಾದ ಕೆಲಸವನ್ನು ಪರವಾನಗಿಯಿಲ್ಲದೆ ಮಾಡಿದ ಗುತ್ತಿಗೆದಾರರು ಬಾಕಿ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಕೆಲಸ ಮಾಡಿಸಿಕೊಂಡವರು ಮಾತ್ರ ಆಗಲೇ ಕೊಟ್ಟ ಹಣವನ್ನೂ ವಾಪಸು ಕೇಳಬಹುದು. ಪರವಾನಗಿ ಇಲ್ಲವೆಂದು ಗೊತ್ತಿದ್ದೇ ಕಡಿಮೆ ದರದ ಆಸೆಗೆ ಕೆಲಸ ಕೊಟ್ಟವರಿಗೂ ಈ ಹಕ್ಕು ಇದೆ. ಅರ್ಧ ದರಕ್ಕೆ ಕರೆದವರು ಕೊನೆಗೆ ಪುಕ್ಕಟೆ ಮನೆ ಕಟ್ಟಿಸಿಕೊಳ್ಳುವುದಕ್ಕೂ ದಾರಿಯಿರುವ ಇಂಥ ಕಠಿಣತೆ ನಿಮಗೆ ಹಿತವೆನಿಸುತ್ತದೆಯೇ?

ಪರವಾನಗಿ ಇಲ್ಲದವರಿಗೆಲ್ಲ ಮಾಫಿ ಕೊಡಿ ಎನ್ನುತ್ತಿಲ್ಲ. ಹಾನಿ ಮಾಡಿದವರನ್ನು, ಸುಳ್ಳು ಪ್ರಮಾಣಪತ್ರ ತೂಗುಹಾಕಿದವರನ್ನು ಹಿಡಿಯಲಿ, ಅವರ ಹೆಸರನ್ನು ನಾವೂ ಅಚ್ಚು ಹಾಕುತ್ತೇವೆ. ಅರ್ಜಿ ಕೊಟ್ಟು ಕಾಯುತ್ತಿರುವವರ ಮೇಲೆ ಮಾತ್ರ, ಆ ಅರ್ಜಿ ಇತ್ಯರ್ಥವಾಗುವ ತನಕ, ಕೈಯೆತ್ತಬಾರದು.

ಪರವಾನಗಿಗಾಗಿ 14 ತಿಂಗಳು ಅಲೆದೆನೆಂದು ಬರೆದಿದ್ದೀರಿ. ಆ 14 ತಿಂಗಳು ನೀವು ಯಾವ ಕೆಲಸ ಮಾಡಿ ಸಂಸಾರ ನಡೆಸಿದಿರಿ? ದಯವಿಟ್ಟು ಅದನ್ನು ವಿವರವಾಗಿ ಬರೆದು ಕಳಿಸಿ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಪ್ರಕಟಿಸುತ್ತೇನೆ.

— ಸಂಪಾದಕ