ರೊಟ್ಟಿ ಜೊತೆ ಶೇಂಗಾ ಹಿಂಡಿ, ಆಮೇಲೆ ಪೇರಲಹಣ್ಣು: ಇವು ಮರೆವಿನ ಕಾಯಿಲೆ ತಡೆಯುತ್ತವೆಯೇ?

ತಡೆಯುತ್ತವೆ ಎಂದು ಖಚಿತವಾಗಿ ಹೇಳಲಾಗದು. ಆದರೆ ಮಿದುಳಿನ ಕೋಶಗಳು ತಮ್ಮನ್ನು ಕಾಪಾಡಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಕೊಡುತ್ತವೆ.

ಮಿದುಳು ದೇಹತೂಕದಲ್ಲಿ ಶೇ. 2ರಷ್ಟೇ, ಆದರೂ ಆಮ್ಲಜನಕದ ಸುಮಾರು ಶೇ. 20ನ್ನು ಬಳಸುತ್ತದೆ. ಆ ಉರಿತದಿಂದ ಸಿಡಿಯುವ ಕಿಡಿಗಳಂಥ ಕಣಗಳೇ ಫ್ರೀ ರ‍್ಯಾಡಿಕಲ್‌ಗಳು. ನರಕೋಶದ ಹೊದಿಕೆಯಲ್ಲಿ ಕೊಬ್ಬು ಹೆಚ್ಚು. ಈ ಕಿಡಿ ತಾಗಿದರೆ, ಹಳೇ ಎಣ್ಣೆ ಕಮಟುವಂತೆ ಅದೂ ಕೆಡುತ್ತದೆ. ವಿಟಮಿನ್ ಇ ಆ ಕೊಬ್ಬಿನೊಳಗೇ ಇದ್ದು ಕಿಡಿಯನ್ನು ಆರಿಸುತ್ತದೆ, ಹಾಗೆ ಬಳಲಿದ ಇಯನ್ನು ವಿಟಮಿನ್ ಸಿ ಮತ್ತೆ ಚುರುಕುಗೊಳಿಸುತ್ತದೆ. ಎರಡೂ ಬೇಕಾಗುವುದು ಇದಕ್ಕೇ.

30 ಗ್ರಾಂ ಶೇಂಗಾದಲ್ಲಿ ಸುಮಾರು 2.5 ಮಿ.ಗ್ರಾಂ ಇ, 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿ.ಗ್ರಾಂ ಸಿ ಇರುತ್ತದೆ. ಹಣ್ಣನ್ನು ಹಸಿಯಾಗಿಯೇ ತಿನ್ನಿ, ಸಿ ಬಿಸಿಗೆ ಹಾಳಾಗುತ್ತದೆ. ಕಲಬುರಗಿ ಬಿಸಿಲಿನಲ್ಲಿ ಅಗಸಿ ಹಿಂಡಿ ಬೇಗ ಕಮಟುತ್ತದೆ. ವಾರಕ್ಕಾಗುವಷ್ಟೇ ಕುಟ್ಟಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮಿರ್ಚಿ ಭಜಿ ಕರಿದ ಕುಸುಬಿ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ, ಅದರ ಇ ನಾಶವಾಗುತ್ತದೆ.

ವಿಟಮಿನ್ ಮಾತ್ರೆಗಳನ್ನು ಮಾತ್ರ ನೀವೇ ಶುರು ಮಾಡಬೇಡಿ. ಮಿದುಳಿನ ನರಕೋಶಗಳು ನಶಿಸಿ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯ ರೋಗಿಗಳ ಮೇಲಿನ ದೊಡ್ಡ ಪ್ರಯೋಗದಲ್ಲಿ (1993) ಹೆಚ್ಚು ಪ್ರಮಾಣದ ವಿಟಮಿನ್ ಇ ಕಾಯಿಲೆಯ ವೇಗ ತಗ್ಗಿಸಲಿಲ್ಲ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ತೆಗೆದುಕೊಳ್ಳುವವರಿಗೆ ಹೆಚ್ಚು ಪ್ರಮಾಣದ ವಿಟಮಿನ್ ಇಯಿಂದ ರಕ್ತಸ್ರಾವದ ಅಪಾಯವೂ ಹೆಚ್ಚುತ್ತದೆ.