ಎಡಗೈ ಬಲಗೈಯಂತೆಯೇ ಇರಬೇಕೆಂದು ಯಾರು ಹೇಳಿದ್ದು?

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ, ಶುಗರ್ ಇದೆ. ಮನೆಗೆ ಬರುವ ಲ್ಯಾಬ್ ಹುಡುಗನಿಗೆ ಬಲಗೈಯಲ್ಲಿ ಒಂದೇ ಸಲಕ್ಕೆ ರಕ್ತ ಸಿಗುತ್ತದೆ. ಎಡಗೈಯಲ್ಲಿ ಎಷ್ಟು ಚುಚ್ಚಿದರೂ ಇಲ್ಲ. 'ಇವರ ನರ ಒಣಗಿದೆ' ಎಂದ. ಪಕ್ಕದ ಮನೆಯವರು ನರ ಬಿಡಿಸುವ ಎಣ್ಣೆಯಿಂದ ಮಾಲೀಶು ಮಾಡಿಸಿ ಎನ್ನುತ್ತಾರೆ. ಮಾಡಿಸೋಣವೇ? (ಡೊಂಬಿವಲಿ)

ಉತ್ತರ: ಬೇಡ. ಮುಲುಂಡ್, ಮಾಟುಂಗಾ, ಡೊಂಬಿವಲಿ, ಎಲ್ಲ ಕಡೆಯಿಂದಲೂ ಇದೇ ಎಣ್ಣೆ, ಇದೇ ಪ್ರಶ್ನೆ. ಆ ಹುಡುಗ 'ನರ' ಎಂದದ್ದು ರಕ್ತನಾಳವನ್ನು. ನಿಮ್ಮ ಅತ್ತೆಯ ನಾಳ ಒಣಗಿಲ್ಲ. ಬಹುಶಃ ಬೇರೆ ದಾರಿ ಹಿಡಿದಿದೆ, ಅಷ್ಟೇ.

ತೋಳಿನಲ್ಲಿ ಚರ್ಮದ ಕೆಳಗೆ ಎರಡು ದೊಡ್ಡ ನಾಳಗಳಿವೆ. ಹೆಬ್ಬೆರಳಿನ ಕಡೆ ಸೆಫ್ಯಾಲಿಕ್, ಕಿರುಬೆರಳಿನ ಕಡೆ ಬೆಸಿಲಿಕ್. ಮೊಣಕೈ ಮಡಿಕೆಯಲ್ಲಿ ಇವನ್ನು ಓರೆಯಾಗಿ ಸೇರಿಸುವುದು ಮೀಡಿಯನ್ ಕ್ಯುಬಿಟಲ್. ರಕ್ತ ತೆಗೆಯುವವರಿಗೆ ಇದೇ ಅಚ್ಚುಮೆಚ್ಚು. ದಪ್ಪಗಿರುತ್ತದೆ, ಅಷ್ಟಾಗಿ ಜಾರುವುದಿಲ್ಲ. ಆದರೆ ಕೆಲವರಲ್ಲಿ ಈ ಅಡ್ಡನಾಳ ಇರುವುದೇ ಇಲ್ಲ. ಕೆಲವರಲ್ಲಿ ಮುಂಗೈ ನಡುವಿನ ನಾಳವೊಂದು ಮೇಲೆ ಬಂದು, ಕವಲೊಡೆದು, ಅತ್ತ ಒಂದು ಇತ್ತ ಒಂದು ಸೇರುತ್ತದೆ. ಇನ್ನು ಕೆಲವರಲ್ಲಿ ಸೆಫ್ಯಾಲಿಕ್ ತೀರಾ ಸಣ್ಣ, ಕೆಲಸವೆಲ್ಲ ಬೆಸಿಲಿಕ್‌ನದೇ. ನಾನು ಅಂಗರಚನೆ ಕಲಿಸುವವಳು. ಡಿಸೆಕ್ಷನ್ ಹಾಲ್‌ನಲ್ಲಿ ಹುಡುಗರು ಚಿಮಟದಿಂದ ನಾಳ ಎತ್ತಿ ಹಿಡಿದು, 'ಮೇಡಂ, ಇದು ಪುಸ್ತಕದಲ್ಲಿ ಇಲ್ವಲ್ಲ' ಎನ್ನುವುದು ಪ್ರತಿವರ್ಷದ ಮಾತು. ಗರ್ಭದಲ್ಲಿ ಮೊದಲು ಸಣ್ಣ ನಾಳಗಳ ಬಲೆಯೊಂದು ಹುಟ್ಟುತ್ತದೆ. ರಕ್ತ ಜಾಸ್ತಿ ಹರಿದ ದಾರಿ ಉಳಿಯುತ್ತದೆ, ಉಳಿದವು ಮಾಯವಾಗುತ್ತವೆ. ಒಬ್ಬರದೇ ಎರಡು ಕೈಗಳಲ್ಲಿ ಬೇರೆ ಬೇರೆ ದಾರಿ ಉಳಿದರೆ ಅದರಲ್ಲಿ ದೋಷವೇನು ಬಂತು?

ನಿಜವಾಗಿ ಹೆದರಬೇಕಾದದ್ದು ಬೇರೆ. ಅಪರೂಪಕ್ಕೆ ಕೆಲವರಲ್ಲಿ ಅಪಧಮನಿಯೇ (ಹೃದಯದಿಂದ ರಕ್ತ ಒಯ್ಯುವ, ಮಿಡಿಯುವ ನಾಳ) ಚರ್ಮದ ಹತ್ತಿರ ಓಡುತ್ತದೆ, ನೋಡಲು ಮಾಮೂಲಿ ನಾಳದ ಹಾಗೇ. ಅದಕ್ಕೇ ಪಟ್ಟಿ ಕಟ್ಟುವ ಮೊದಲೇ ಬೆರಳಿಟ್ಟು ನೋಡಬೇಕು. ಮಿಡಿದರೆ ಅಲ್ಲಿ ಸೂಜಿ ಇಡಬಾರದು. ಅದರೊಳಗೆ ಇಂಜೆಕ್ಷನ್ ಹೋದರೆ ಬೆರಳೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಗಲ್ಲಿಯ ಕಂಪೌಂಡರ್ ಕೈಗೆ ತೋಳು ಕೊಡಬೇಡಿ ಎಂದು ನಾನು ಗೋಗರೆಯುವುದು ಸುಮ್ನೆ ಅಲ್ಲ.

ಇನ್ನು ನೀವು ಕೇಳದೇ ಇರುವುದನ್ನು ನಾನೇ ಕೇಳುತ್ತೇನೆ. ಅತ್ತೆಯ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತಪರೀಕ್ಷೆ, ಎಷ್ಟಿದೆ? ಶುಗರ್‌ನಿಂದ ಕಿಡ್ನಿ ಸೋಲುವ ಸೂಚನೆಯಿದ್ದರೆ, ಅವರು ಬಲಗೈ ಬಳಸುವವರಾದರೆ, ಎಡಗೈ ಮುಟ್ಟಿಸಲೇಬೇಡಿ. ಮುಂದೆ ಡಯಾಲಿಸಿಸ್ ಬೇಕಾದರೆ ಸೆಫ್ಯಾಲಿಕ್ ನಾಳವನ್ನು ಮಣಿಕಟ್ಟಿನ ಅಪಧಮನಿಗೆ ಜೋಡಿಸಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೊಂದು ದಾರಿ, ಮಾಡುತ್ತಾರೆ. 1966ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಈ ವಿಧಾನ ಇವತ್ತಿಗೂ ಮೊದಲ ಆಯ್ಕೆ. ಚುಚ್ಚಿ ಚುಚ್ಚಿ ಗಟ್ಟಿಯಾದ ನಾಳ ಅದಕ್ಕೆ ಆಗಿಬರುವುದಿಲ್ಲ. ರಕ್ತವನ್ನು ಬಲಗೈಯ ಹಿಂಬದಿಯಿಂದ, ಬೆರಳುಗಳ ಬುಡದ ಮೇಲಿನ ನಾಳದಿಂದ ತೆಗೆಸಿ. ಸ್ವಲ್ಪ ಜಾಸ್ತಿ ನೋಯುತ್ತದೆ. ನೋಯಲಿ.

ಖಾಲಿ ಹೊಟ್ಟೆ ಎಂದರೆ ನೀರೂ ಕುಡಿಯಬಾರದು ಎಂದಲ್ಲ. ಒಂದು ಲೋಟ ನೀರು ಕುಡಿಸಿ, ಕೈ ಬೆಚ್ಚಗಿಡಿ. ಮುಷ್ಟಿ ಬಿಗಿದು ಬಿಚ್ಚಿ, ಬಿಗಿದು ಬಿಚ್ಚಿ ಮಾಡಿದರೆ ರಿಪೋರ್ಟಿನಲ್ಲಿ ಪೊಟ್ಯಾಸಿಯಮ್ ಸುಳ್ಳುಸುಳ್ಳೇ ಜಾಸ್ತಿ ಬರಬಹುದು. ಸೂಜಿ ಒಳಗಿಟ್ಟುಕೊಂಡೇ ಅತ್ತಿತ್ತ ತಿರುವಿ ಹುಡುಕಲು ಬಿಡಬೇಡಿ. ಈ ನಾಳಗಳ ಪಕ್ಕದಲ್ಲೇ ಸ್ಪರ್ಶದ ನರಗಳಿವೆ. ಕರೆಂಟು ಹೊಡೆದ ಹಾಗಾದರೆ ಸೂಜಿ ತಕ್ಷಣ ಹೊರಗೆ ಬರಬೇಕು. ಎರಡು ಸಲ ಸಿಗಲಿಲ್ಲವೇ? ಹುಡುಗನನ್ನು ಬದಲಾಯಿಸಿ, ಅತ್ತೆಯನ್ನು ಬೈಯಬೇಡಿ.

ಪ್ರಶ್ನೆ: ಕೈ ಮೇಲೆ ನೀಲಿ ನಾಳಗಳು ಕಾಣುತ್ತವೆ. ರಕ್ತ ಕೆಟ್ಟಿದೆಯೇ? (ಠಾಣೆ)

ಉತ್ತರ: ಇಲ್ಲ. ಒಳಗಿನ ರಕ್ತ ಕಡುಗೆಂಪೇ, ಚರ್ಮ ದಾಟಿ ಬರುವ ಬೆಳಕು ಹಾಗೆ ತೋರಿಸುತ್ತದೆ. ರಕ್ತಶುದ್ಧಿಯ ಕಷಾಯಕ್ಕೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಜಿಮ್‌ಗೆ ಹೋದ ಮೇಲೆ ತೋಳಿನ ನಾಳ ಉಬ್ಬುತ್ತಿವೆ. (ಅಂಧೇರಿ)

ಉತ್ತರ: ಉಬ್ಬಲಿ ಬಿಡಿ. ಒಂದೇ ತೋಳು ಏಕಾಏಕಿ ಊದಿ ನೀಲಿಗಟ್ಟಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೋಟೆಲ್ ಕೆಲಸ, ನಿಂತು ನಿಂತು ಸುಸ್ತು. ಶಕ್ತಿಗೆ ತಿಂಗಳಿಗೊಂದು ಸಲೈನ್ ಬಾಟಲಿ ಏರಿಸಿಕೊಳ್ಳುತ್ತೇನೆ. ತೊಂದರೆಯಿಲ್ಲ ಅಲ್ವಾ? (ವಡಾಲಾ)

ಉತ್ತರ: ಇದೆ. ಅರ್ಧ ಲೀಟರ್ ಸಲೈನ್‌ನಲ್ಲಿ 4.5 ಗ್ರಾಂ ಉಪ್ಪು, ಮಿಕ್ಕಿದ್ದು ನೀರು. ನಿಮ್ಮ ಹೋಟೆಲಿನ ಒಂದು ಲೋಟ ಮಜ್ಜಿಗೆಯಲ್ಲಿ ಅದಕ್ಕಿಂತ ಶಕ್ತಿಯಿದೆ, ನಾಳವೂ ಹಾಳಾಗುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಬಾಟಲಿ ಏರಿಸುವವನ ಡಿಗ್ರಿ ಏನೆಂದು ಒಮ್ಮೆ ಕೇಳಿ.