ಸುಝೌನಲ್ಲಿ ಒಂದು ದಿನ: ಮುತ್ತಜ್ಜಿಗೂ ಮರಿಮೊಮ್ಮಗಳಿಗೂ ಒಗ್ಗುವ ದಾರಿ

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಉದ್ಯೋಗನಿಮಿತ್ತ ಶಾಂಘೈನಲ್ಲಿ ನೆಲೆಸಿದ್ದಾರೆ. ಬರುವ ಏಪ್ರಿಲ್‌ನಲ್ಲಿ ನಾನು, ನನ್ನ ಪತ್ನಿ ಮತ್ತು 78 ವರ್ಷದ ನನ್ನ ತಾಯಿ ಅವರ ಮನೆಗೆ ಹೋಗುವವರಿದ್ದೇವೆ. ಒಂದು ಶನಿವಾರ ಎಲ್ಲರೂ ಸುಝೌ ನೋಡಿ ಬರೋಣವೆಂದು ಅಳಿಯಂದಿರು ಎರಡು ಉದ್ಯಾನ, ನಗರದ ವಸ್ತುಸಂಗ್ರಹಾಲಯ, ರೇಷ್ಮೆ ಸಂಗ್ರಹಾಲಯ, ಹುಲಿಬೆಟ್ಟ, ದೋಣಿವಿಹಾರ ಎಂದು ಪಟ್ಟಿ ಮಾಡಿದ್ದಾರೆ. ತಾಯಿಯವರಿಗೆ ಮಂಡಿನೋವು, ಏಳು ವರ್ಷದ ಮೊಮ್ಮಗಳು ಒಂದೆಡೆ ಕೂರುವವಳಲ್ಲ. ನಾವೆಲ್ಲ ಸಸ್ಯಾಹಾರಿಗಳು. ಇದು ಒಂದು ದಿನದಲ್ಲಿ ಸಾಧ್ಯವೇ?
– ಓದುಗರು, ದಾವಣಗೆರೆ

ಉತ್ತರ: ಸಾಧ್ಯವಿಲ್ಲ. ಹುಲಿಬೆಟ್ಟ ಊರಿನ ಇನ್ನೊಂದು ಬದಿಗಿದೆ, ಮೆಟ್ಟಿಲುಗಳೂ ಇವೆ, ಅದನ್ನು ಕೈಬಿಡಿ. ರೇಷ್ಮೆ ಸಂಗ್ರಹಾಲಯ ದೂರವೇನಲ್ಲ, ಆದರೆ ರೇಷ್ಮೆಯ ನಾಡಿನಿಂದಲೇ ಹೋಗುವ ನಿಮಗೆ ಅದು ತಪ್ಪಿದರೆ ದೊಡ್ಡ ನಷ್ಟವಾಗದು. ಉಳಿದವೆಲ್ಲ ಹಳೆಯ ಊರಿನ ಈಶಾನ್ಯ ಭಾಗದಲ್ಲಿ ಒಂದಕ್ಕೊಂದು ಹತ್ತಿರದಲ್ಲಿವೆ. ಹಾಗಿದ್ದರೂ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟ ಬೇಡ. ಮಧ್ಯಾಹ್ನದ ಊಟದವರೆಗೆ ಸ್ವಲ್ಪ ಹೊತ್ತು ಎರಡು ಗುಂಪುಗಳಾಗುವುದೇ ನಿಮ್ಮ ಕುಟುಂಬಕ್ಕೆ ಸೂಕ್ತವೆಂದು ನನ್ನ ಅಭಿಪ್ರಾಯ.

ಶಾಂಘೈನಿಂದ ಸುಝೌಗೆ ಸುಮಾರು 100 ಕಿಲೋಮೀಟರ್. ವೇಗದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಟಿಕೆಟ್ ಕಾಯ್ದಿರಿಸುವಾಗ ‘ಸುಝೌ ಉತ್ತರ’ ನಿಲ್ದಾಣವನ್ನಲ್ಲ, ‘ಸುಝೌ’ ನಿಲ್ದಾಣವನ್ನೇ ಆರಿಸಿಕೊಳ್ಳುವಂತೆ ಅಳಿಯಂದಿರಿಗೆ ತಿಳಿಸಿ. ಉತ್ತರ ನಿಲ್ದಾಣ ಹಳೆಯ ಊರಿನಿಂದ ಬಹಳ ದೂರ. ಅಲ್ಲಿ ರೈಲು ಟಿಕೆಟ್ ಪಾಸ್‌ಪೋರ್ಟಿನ ಸಂಖ್ಯೆಗೆ ಜೋಡಣೆಯಾಗಿರುವುದರಿಂದ, ಮೂವರೂ ಮೂಲ ಪಾಸ್‌ಪೋರ್ಟನ್ನು ಜೊತೆಗಿಟ್ಟುಕೊಂಡೇ ಹೊರಡಬೇಕು.

ಬೆಳಿಗ್ಗೆ ಮೊದಲು ಎಲ್ಲರೂ ಕೂಡಿ ಝುವೊಝೆಂಗ್ ಉದ್ಯಾನಕ್ಕೆ ಹೋಗಿ. ಮಿಂಗ್ ರಾಜವಂಶದ ಕಾಲದಲ್ಲಿ, 16ನೇ ಶತಮಾನದ ಆರಂಭದಲ್ಲಿ, ಅಧಿಕಾರದಿಂದ ದೂರ ಸರಿದು ಊರಿಗೆ ಮರಳಿದ ವಾಂಗ್ ಶಿಯೆನ್‌ಚೆನ್ ಎಂಬ ಅಧಿಕಾರಿ ಇದನ್ನು ಮಾಡಿಸಿದನು. ಅವನ ಮಗ ಇಡೀ ಉದ್ಯಾನವನ್ನು ಜೂಜಿನಲ್ಲಿ ಕಳೆದುಕೊಂಡನೆಂಬ ಕಥೆಯೂ ಪ್ರಚಲಿತದಲ್ಲಿದೆ. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುಝೌ ಉದ್ಯಾನಗಳಲ್ಲಿ ಇದೂ ಒಂದು. ಐದು ಹೆಕ್ಟೇರಿಗೂ ಮಿಕ್ಕಿದ ಈ ಜಾಗವನ್ನು ಪೂರ್ತಿ ಸುತ್ತುವ ಅಗತ್ಯವಿಲ್ಲ. ಪ್ರವೇಶದ್ವಾರವಿರುವ ಪೂರ್ವಭಾಗವನ್ನು ಬೇಗನೆ ದಾಟಿ, ಕೊಳಗಳಿರುವ ನಡುಭಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಅಲ್ಲಿ ಕೊಳದ ಪೂರ್ವದ ಅಂಚಿನಿಂದ ಪಶ್ಚಿಮಕ್ಕೆ ನೋಡಿದರೆ ನೀರಿನಾಚೆ, ಮರಗಳ ಮೇಲೆ, ಉದ್ಯಾನದೊಳಗೇ ಇದೆಯೇನೋ ಎಂಬಂತೆ ಒಂದು ಗೋಪುರ ಕಾಣಿಸುತ್ತದೆ. ಅದು ಉದ್ಯಾನಕ್ಕೆ ಸೇರಿದ್ದೇ ಅಲ್ಲ, ಗೋಡೆಯಾಚೆ ದೂರದಲ್ಲಿರುವ ಬೌದ್ಧ ಗೋಪುರ. ಹೊರಗಿನ ನೋಟವನ್ನು ಹೀಗೆ ಕಡ ತಂದು ಒಳಗಿನದಾಗಿಸುವುದು ಚೀನೀ ಉದ್ಯಾನಕಲೆಯ ಹೆಸರಾಂತ ಉಪಾಯ. ತಾಯಿಯವರು ಮಂಟಪದಲ್ಲಿ ಕುಳಿತೇ ನೋಡುವಂಥದ್ದು ಇಲ್ಲಿ ಸಾಕಷ್ಟಿದೆ. ನಡೆಯುವಾಗ ಮಾತ್ರ ಎತ್ತರದ ಹೊಸ್ತಿಲು, ಉರುಟುಕಲ್ಲಿನ ಹಾಸು, ಗಿಡ್ಡ ಕಟಕಟೆಯ ಸೇತುವೆಗಳ ಬಗ್ಗೆ ಎಚ್ಚರವಿರಲಿ. ಕಮಲ ನೋಡುವ ಆಸೆಯಿದ್ದರೆ ಏಪ್ರಿಲ್ ಅದರ ಕಾಲವಲ್ಲ.

ಇಲ್ಲಿಂದ ಹೊರಬಂದ ಮೇಲೆ ಬೇರೆಯಾಗಿ. ಅಳಿಯಂದಿರೋ ನೀವೋ ಮೊಮ್ಮಗಳನ್ನು ಕರೆದುಕೊಂಡು ಕೆಲವೇ ನಿಮಿಷದ ನಡಿಗೆಯ ಷಿಝಿಲಿನ್ ಎಂಬ ಸಿಂಹವನಕ್ಕೆ ಹೋಗಿ. 14ನೇ ಶತಮಾನದಲ್ಲಿ ಬೌದ್ಧ ಭಿಕ್ಷುವೊಬ್ಬರು ತಮ್ಮ ಗುರುವಿನ ಸ್ಮರಣೆಗಾಗಿ ನಿರ್ಮಿಸಿದ ಉದ್ಯಾನವಿದು. ತಾಯ್ ಸರೋವರದ ತೂತುತೂತಾದ ಸುಣ್ಣಕಲ್ಲುಗಳನ್ನು ಪೇರಿಸಿದ ಗುಹೆ, ಸುರಂಗ, ಏರಿಳಿತಗಳ ಜಟಿಲ ದಾರಿಯಲ್ಲಿ ಮಗು ಎಷ್ಟು ಹೊತ್ತಾದರೂ ಕಳೆದೀತು. ಮಂಡಿನೋವಿನವರಿಗೆ ಅದು ಸಲ್ಲದು. ಅಷ್ಟರಲ್ಲಿ ತಾಯಿಯವರು, ನಿಮ್ಮ ಪತ್ನಿ ಮತ್ತು ಮಗಳು ಪಕ್ಕದಲ್ಲೇ ಇರುವ ಸುಝೌ ವಸ್ತುಸಂಗ್ರಹಾಲಯವನ್ನು ನೋಡಬಹುದು. 2006ರಲ್ಲಿ ತೆರೆದ ಈ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಐ. ಎಂ. ಪೇ. ಸಿಂಹವನ ಒಂದು ಕಾಲಕ್ಕೆ ಅವರ ಮನೆತನದ ಸ್ವತ್ತಾಗಿತ್ತು. ವಸ್ತುಸಂಗ್ರಹಾಲಯಕ್ಕೆ ಶುಲ್ಕವಿಲ್ಲ, ಸೋಮವಾರ ರಜೆ. ಉದ್ಯಾನಗಳಂತೆ ಇಲ್ಲಿಗೂ ಸಮಯವನ್ನು ಮುಂಚಿತವಾಗಿ ಕಾಯ್ದಿರಿಸಬೇಕು.

ಮಧ್ಯಾಹ್ನದ ನಂತರ ಎಲ್ಲರೂ ಮತ್ತೆ ಸೇರಿ ಪಿಂಗ್‌ಜಿಯಾಂಗ್ ಬೀದಿಗೆ ಬನ್ನಿ. ಕಾಲುವೆಯೂ ಬೀದಿಯೂ ಅಕ್ಕಪಕ್ಕದಲ್ಲಿ ಸಾಗುವ ಈ ಭಾಗದ ವಿನ್ಯಾಸ 1229ರಲ್ಲಿ ಕಲ್ಲಿನಲ್ಲಿ ಕೆತ್ತಿದ ನಗರನಕ್ಷೆಗೆ ಇಂದಿಗೂ ಬಹುಮಟ್ಟಿಗೆ ಹೊಂದುತ್ತದೆ. ದೋಣಿವಿಹಾರವನ್ನು ಇಲ್ಲಿಯೇ ಮುಗಿಸಿಕೊಳ್ಳಬಹುದು. ಚಹಾದಂಗಡಿಗಳಲ್ಲಿ ಪಿಂಗ್‌ತಾನ್ ಕೇಳಲು ಸಿಗುತ್ತದೆ: ತಂತಿವಾದ್ಯ ಹಿಡಿದು ಕುಳಿತ ಕಲಾವಿದರು ಸುಝೌ ಆಡುಮಾತಿನಲ್ಲಿ ಕಥೆ ಹೇಳುತ್ತಾ ನಡುನಡುವೆ ಹಾಡುವ ಈ ಕಲೆ, ಹರಿಕಥೆ ಕೇಳಿ ಬೆಳೆದ ತಾಯಿಯವರಿಗೆ ಭಾಷೆ ತಿಳಿಯದಿದ್ದರೂ ಹಿಡಿಸೀತು.

ಊಟದ ಮಾತು. ಸುಝೌ ತನ್ನ ನೂಡಲ್ಸ್‌ಗೆ ಪ್ರಸಿದ್ಧ. ಆದರೆ ಮೇಲೆ ತರಕಾರಿ ಮಾತ್ರ ಕಂಡರೂ ಅದರ ಸಾರು ಸಾಮಾನ್ಯವಾಗಿ ಮಾಂಸದ್ದೇ ಆಗಿರುತ್ತದೆ. ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಉಪಾಹಾರ ಮಂದಿರವನ್ನು ಮಗಳು ಮೊದಲೇ ಹುಡುಕಿಟ್ಟುಕೊಳ್ಳಲಿ. ಆ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಇನ್ನೂ ನಿಶ್ಚಿಂತೆ. ರೈಲಿನಲ್ಲೂ ನಿಲ್ದಾಣದಲ್ಲೂ ಕುದಿನೀರು ಉಚಿತವಾಗಿ ದೊರೆಯುತ್ತದೆ.

ದಿನವನ್ನು ಗೊತ್ತುಮಾಡುವಾಗ ಏಪ್ರಿಲ್ 4 ಅಥವಾ 5ರಂದು ಬರುವ ಚಿಂಗ್‌ಮಿಂಗ್ ಹಬ್ಬದ ರಜೆಯನ್ನೂ ಮೇ 1ರ ರಜೆಯನ್ನೂ ತಪ್ಪಿಸಿ. ಶನಿವಾರವೇ ಜನದಟ್ಟಣೆಯ ದಿನವಾದ್ದರಿಂದ, ಅಳಿಯಂದಿರಿಗೆ ಒಂದು ದಿನದ ರಜೆ ಸಿಗುವಂತಿದ್ದರೆ ಮಂಗಳವಾರದಿಂದ ಗುರುವಾರದೊಳಗೆ ಹೋಗುವುದು ಮೇಲು.

ಪ್ರಶ್ನೆ: ಚೀನಾದಲ್ಲಿ ಕೆಲಸದಲ್ಲಿರುವ ತಮ್ಮನ ಮನೆಯಲ್ಲೇ ನಾವು ಉಳಿಯುವುದರಿಂದ ಹೋಟೆಲಿನ ಗೊಡವೆಯಿಲ್ಲ. ಬೇರೇನಾದರೂ ವಿಧಿಯಿದೆಯೇ?
– ಓದುಗರು, ಉಡುಪಿ

ಉತ್ತರ: ಇದೆ, ಅದನ್ನು ಸುತ್ತಾಟಕ್ಕೆ ಮೊದಲೇ ಮುಗಿಸಬೇಕು. ಹೋಟೆಲಿನಲ್ಲಿ ಇಳಿದ ವಿದೇಶೀಯರ ನೋಂದಣಿಯನ್ನು ಹೋಟೆಲಿನವರೇ ಮಾಡುತ್ತಾರೆ. ಮನೆಯಲ್ಲಿ ಉಳಿಯುವವರು ಬಂದಿಳಿದ 24 ಗಂಟೆಯೊಳಗೆ ಆ ಪ್ರದೇಶದ ಪೊಲೀಸ್ ಠಾಣೆಯಲ್ಲಿ ತಾವೇ ನೋಂದಾಯಿಸಿಕೊಳ್ಳಬೇಕು ಅಥವಾ ಮನೆಯವರು ಮಾಡಿಸಬೇಕು. ಕೆಲವು ನಗರಗಳಲ್ಲಿ ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು. ನಿಮ್ಮ ಪಾಸ್‌ಪೋರ್ಟ್, ವೀಸಾಗಳ ಜೊತೆಗೆ ಮನೆಯ ಬಾಡಿಗೆ ಕರಾರುಪತ್ರವನ್ನೂ ತಮ್ಮನವರು ಸಿದ್ಧವಾಗಿಟ್ಟುಕೊಳ್ಳಲಿ.